ನೀರು ಏರುವಾಗ ರೋಗಿಯನ್ನು ಎತ್ತುವುದೋ, ಇರಗೊಡುವುದೋ?

ಓದುಗರ ಪ್ರಶ್ನೆ – ವೈದ್ಯರ ಉತ್ತರ

ಮಳೆಗಾಲದ ತುರ್ತು ಚಿಕಿತ್ಸೆಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಮತ್ತು ಶಿರಸಿಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯನ್ನು ಕುರಿತಿದ್ದವು: ನೆರೆ, ಗುಡ್ಡಕುಸಿತ ಅಥವಾ ಬೆಂಕಿಯಂಥ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿರುವವರನ್ನೂ ವೃದ್ಧಾಶ್ರಮದಲ್ಲಿರುವವರನ್ನೂ ಏನು ಮಾಡಬೇಕು? ಅವುಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ಇದೇ ಜಿಲ್ಲೆಯಲ್ಲಿ ಅರಿವಳಿಕೆ ತಜ್ಞರಾಗಿ ದುಡಿದು ನಿವೃತ್ತರಾದ ನಮ್ಮ ಅಂಕಣಕಾರರು. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 81 ವರ್ಷ. ತೊಡೆಯ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿ, ಕಾಳಿ ನದಿಗೆ ಹತ್ತಿರದ ಖಾಸಗಿ ನರ್ಸಿಂಗ್ ಹೋಮೊಂದರ ನೆಲಮಹಡಿಯಲ್ಲಿ ಮಲಗಿದ್ದಾರೆ. ಕದ್ರಾ ಅಣೆಕಟ್ಟೆಯಿಂದ ನೀರು ಬಿಡುತ್ತಾರೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಯಜಮಾನರು ಅವರನ್ನು ಕೂಡಲೇ ಮನೆಗೆ ಕರೆತರೋಣ ಎನ್ನುತ್ತಾರೆ. ಡಾಕ್ಟರು ಬೇಡ ಎನ್ನುತ್ತಾರೆ. ಯಾರ ಮಾತು ಕೇಳಬೇಕು?
– ಕಾರವಾರ ತಾಲೂಕಿನ ಓದುಗರು

ಉತ್ತರ: ಡಾಕ್ಟರ ಮಾತನ್ನೇ ಕೇಳಿ, ಆದರೆ ಅವರಿಗೆ ಕೆಲವು ಪ್ರಶ್ನೆಗಳನ್ನು ಹಾಕಿ, ಉತ್ತರ ಪಡೆದ ಮೇಲೆ ಕೇಳಿ.

ಈ ವಯಸ್ಸಿನಲ್ಲಿ, ಈ ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ, ರೋಗಿಯನ್ನು ಅವಸರದಲ್ಲಿ ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಡುವುದೇ ಒಂದು ಅಪಾಯ. ಕಾಲು ತಿರುಚಿಕೊಳ್ಳಬಹುದು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಒಂದೆರಡು ಹೊತ್ತು ತಪ್ಪಬಹುದು, ಮಳೆಯಲ್ಲಿ ನೆನೆದು ಮೈ ತಣ್ಣಗಾಗಬಹುದು, ಹೊಸ ಜಾಗದಲ್ಲಿ ರಾತ್ರಿ ಗೊಂದಲಗೊಂಡು ಹಾಸಿಗೆಯಿಂದ ಇಳಿಯಲು ಹೋಗಿ ಬೀಳಬಹುದು. ಅಮೆರಿಕದಲ್ಲಿ ಚಂಡಮಾರುತಗಳ ಸಂದರ್ಭದಲ್ಲಿ ಆರೈಕೆ ಕೇಂದ್ರಗಳಿಂದ ಸ್ಥಳಾಂತರಗೊಂಡ ಮರೆವಿನ ಕಾಯಿಲೆಯ ವೃದ್ಧರನ್ನೂ ಇದ್ದಲ್ಲೇ ಉಳಿದವರನ್ನೂ ಹೋಲಿಸಿ ನೋಡಿದಾಗ, ಮುಂದಿನ ವಾರಗಳಲ್ಲಿ ಸಾವು ಹೆಚ್ಚಾಗಿ ಕಂಡದ್ದು ಸ್ಥಳಾಂತರಗೊಂಡವರಲ್ಲಿಯೇ. ಆದ್ದರಿಂದ ರೋಗಿಯನ್ನು ಸಾಗಿಸುವುದನ್ನು ನಾನು ಒಂದು ಚಿಕಿತ್ಸೆಯೆಂದೇ ಎಣಿಸುತ್ತೇನೆ. ಅದಕ್ಕೂ ಅಡ್ಡಪರಿಣಾಮಗಳಿವೆ, ಬೇಕಾದಾಗ ಮಾತ್ರ, ಬೇಕಾದಷ್ಟು ಮಾತ್ರ ಕೊಡಬೇಕು.

ಕದ್ರಾದ ನೀರಿನ ವಿಷಯಕ್ಕೆ ಬರೋಣ. 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈಯಲ್ಲಿಯೂ ಕಾಳಿ ದಂಡೆಯ ಊರುಗಳು ಮುಳುಗಿದ್ದನ್ನು ನೀವು ಕಂಡಿದ್ದೀರಿ. ಆದರೆ ಗುಡ್ಡ ಕುಸಿಯುವ ಹಾಗೆ ಅಣೆಕಟ್ಟೆಯ ನೀರು ಕ್ಷಣದಲ್ಲಿ ಬಂದು ಬೀಳುವುದಿಲ್ಲ. ಒಳಹರಿವು ಹೆಚ್ಚಿದಂತೆ ಎಚ್ಚರಿಕೆ ಬರುತ್ತದೆ, ಗೇಟುಗಳನ್ನು ಹಂತಹಂತವಾಗಿ ತೆರೆಯುತ್ತಾರೆ, ಕೆಳಗಿನ ಊರುಗಳಿಗೆ ಒಂದಿಷ್ಟು ಹೊತ್ತು ಸಿಗುತ್ತದೆ. ಜೊತೆಗೆ ನೋಡಬೇಕಾದದ್ದು ಭರತಿಯ ವೇಳೆ. ಮೇಲಿನಿಂದ ನೀರು ಇಳಿದು ಬರುವಾಗಲೇ ಸಮುದ್ರದಲ್ಲಿ ಭರತಿ ಇದ್ದರೆ ಅಳಿವೆಯಲ್ಲಿ ನದಿ ಹೊರಕ್ಕೆ ಹೋಗಲಾರದೆ ದಂಡೆಯ ಮೇಲೆ ಹರಡುತ್ತದೆ. ಹೀಗೆ ನಿಧಾನವಾಗಿ ಏರುವ ನೀರಿಗೆ ಆಸ್ಪತ್ರೆಯೊಳಗಿನ ಮೊದಲ ಉತ್ತರ ಮೇಲಿನ ಮಹಡಿ. ನೆಲಮಹಡಿಯ ರೋಗಿಯನ್ನು ಹಾಸಿಗೆ ಸಮೇತ ಒಂದು ಮಹಡಿ ಏರಿಸಿದರೆ ಸಾಲುವ ಕಡೆ ಐವತ್ತು ಕಿಲೋಮೀಟರ್ ಸಾಗಿಸುವ ಅಗತ್ಯವಿಲ್ಲ.

ಇನ್ನು ಡಾಕ್ಟರಿಗೆ ಹಾಕಬೇಕಾದ ಪ್ರಶ್ನೆಗಳು. ಮೇಲಿನ ಮಹಡಿಯಲ್ಲಿ ನಿಮ್ಮ ಅತ್ತೆಯವರಿಗೆ ಹಾಸಿಗೆ ಮತ್ತು ಆಮ್ಲಜನಕದ ವ್ಯವಸ್ಥೆ ಇದೆಯೇ? ರಾತ್ರಿ ಪಾಳಿಯಲ್ಲಿ ಎತ್ತುವವರು ಎಷ್ಟು ಜನ? ಇಲ್ಲಿ ಆಗದಿದ್ದರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಆ ಆಸ್ಪತ್ರೆಯವರಿಗೆ ಈ ಮಾತು ಗೊತ್ತಿದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಜನರೇಟರ್ ಎಲ್ಲಿದೆ, ಅದರ ಡೀಸೆಲ್ ಎಲ್ಲಿದೆ, ಸ್ವಿಚ್ ಬೋರ್ಡ್ ಎಲ್ಲಿದೆ? ಕೊನೆಯ ಪ್ರಶ್ನೆಯನ್ನು ಮೂರು ಭಾಗ ಮಾಡಿ ಕೇಳಲು ಕಾರಣವಿದೆ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿದಾಗ ಅಲ್ಲಿನ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರ್‌ಗಳು 13ನೇ ಮಹಡಿಯಲ್ಲಿ ಒಣಗಿಯೇ ಇದ್ದವು, ಆದರೆ ಅವುಗಳಿಗೆ ಇಂಧನ ಏರಿಸುವ ಪಂಪುಗಳು ನೆಲಮಾಳಿಗೆಯಲ್ಲಿದ್ದು ನೀರಲ್ಲಿ ಮುಳುಗಿದವು. ಸಿಬ್ಬಂದಿ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಇಂಧನ ದಾಟಿಸಿದರು. ಕೊನೆಗೆ ಆಸ್ಪತ್ರೆಯನ್ನೇ ಖಾಲಿ ಮಾಡಬೇಕಾಯಿತು. 2015ರ ಡಿಸೆಂಬರ್‌ನ ಚೆನ್ನೈ ನೆರೆಯಲ್ಲಿ ಅಡ್ಯಾರ್ ನದಿ ದಂಡೆಯ ಖಾಸಗಿ ಆಸ್ಪತ್ರೆಯೊಂದರ ಜನರೇಟರ್ ಕೋಣೆಗೆ ನೀರು ನುಗ್ಗಿತ್ತು. ಆ ದಿನಗಳಲ್ಲಿ ಅಲ್ಲಿನ ತೀವ್ರ ನಿಗಾ ಘಟಕದ ಹಲವು ರೋಗಿಗಳು ತೀರಿಕೊಂಡರು.

ಉತ್ತರಗಳು ಸಮಾಧಾನಕರವಾಗಿದ್ದರೆ ಅತ್ತೆಯವರು ಅಲ್ಲಿಯೇ ಇರಲಿ. ಇಲ್ಲದಿದ್ದರೆ ರೆಡ್ ಅಲರ್ಟ್ ಘೋಷಣೆಯಾದ ದಿನವೇ, ಇನ್ನೂ ಬೆಳಕಿರುವಾಗ, ಆಂಬುಲೆನ್ಸಿನಲ್ಲಿ ಮತ್ತೊಂದು ಆಸ್ಪತ್ರೆಗೆ ವರ್ಗಾಯಿಸಲು ಕೇಳಿಕೊಳ್ಳಿ. ಮನೆಗೆ ಬೇಡ. ನಿಮ್ಮ ಮನೆ ನದಿಯಿಂದ ಎಷ್ಟು ದೂರವೆಂಬುದನ್ನು ಪತ್ರದಲ್ಲಿ ನೀವು ಬರೆದಿಲ್ಲ.

ಪ್ರಶ್ನೆ: ನಾನು 30 ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ರಾತ್ರಿ ಪಾಳಿಯಲ್ಲಿ ನಾವು ಮೂವರು ಸಿಸ್ಟರ್‌ಗಳು, ಒಬ್ಬ ಆಯಾ, ಒಬ್ಬ ವಾಚ್‌ಮನ್ ಇರುತ್ತೇವೆ. ಬೆಂಕಿ ಬಿದ್ದರೆ ಅಥವಾ ನೀರು ನುಗ್ಗಿದರೆ ಯಾರನ್ನು ಮೊದಲು ತರಬೇಕು? ಲಿಫ್ಟ್ ನಿಂತಾಗ ಎರಡನೇ ಮಹಡಿಯಿಂದ ರೋಗಿಗಳನ್ನು ಇಳಿಸುವುದು ಹೇಗೆ?
– ಕುಮಟಾದ ಓದುಗರು

ಉತ್ತರ: ಬೆಂಕಿಗೂ ನೀರಿಗೂ ಉತ್ತರ ಬೇರೆ ಬೇರೆ, ಏಕೆಂದರೆ ಬೆಂಕಿ ಕೊಡುವುದು ನಿಮಿಷಗಳನ್ನು, ನೀರು ಕೊಡುವುದು ಗಂಟೆಗಳನ್ನು.

ಬೆಂಕಿಯಲ್ಲಿ ಕೊಲ್ಲುವುದು ಹೆಚ್ಚಾಗಿ ಹೊಗೆ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳಿಗೆ ತುಂಬಿ ಸುಮಾರು 90 ಜನರು ಸತ್ತರು. ಅವರಲ್ಲಿ ಬಹುತೇಕರು ಉಸಿರುಕಟ್ಟಿ ಸತ್ತವರು. ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ 2021ರ ಜನವರಿಯಲ್ಲಿ 10 ಹಸುಗೂಸುಗಳು ಸತ್ತವು. 2024ರ ನವೆಂಬರ್‌ನಲ್ಲಿ ಝಾನ್ಸಿಯಲ್ಲಿ ಅಂಥದೇ ಘಟಕದಲ್ಲಿ ಮತ್ತೆ ಬೆಂಕಿ ಬಿತ್ತು. ಹಾಗಾಗಿ ಬೆಂಕಿಯಲ್ಲಿ ಮೊದಲು ತರಬೇಕಾದವರು ಬೆಂಕಿ ಬಿದ್ದ ಕೋಣೆಯಲ್ಲಿರುವವರು, ಆಮೇಲೆ ಅದರ ಪಕ್ಕದ ಕೋಣೆಯವರು. ಅಲ್ಲಿ ಕಾಯಿಲೆಯ ತೀವ್ರತೆ ನೋಡುತ್ತ ನಿಲ್ಲಬೇಡಿ. ಕೋಣೆ ಖಾಲಿಯಾದ ಕೂಡಲೇ ಬಾಗಿಲು ಮುಚ್ಚಿ. ಬಾಗಿಲು ಮುಚ್ಚಿದರೆ ಸಿಗುವ ಕೆಲವು ನಿಮಿಷಗಳು ಉಳಿದವರ ಪಾಲಿಗೆ ದೊಡ್ಡವು. ಮೆಟ್ಟಿಲಿಗೆ ಓಡುವ ಮೊದಲು ಅದೇ ಮಹಡಿಯ ಇನ್ನೊಂದು ತುದಿಗೆ, ನಡುವೆ ಒಂದು ಗಟ್ಟಿ ಬಾಗಿಲಿರುವ ಕಡೆಗೆ, ಎಲ್ಲರನ್ನೂ ಸರಿಸಿ. ಹಾಸಿಗೆಗೆ ಚಕ್ರಗಳಿರುವುದರಿಂದ ಅಡ್ಡಕ್ಕೆ ಸಾಗಿಸುವುದು ಬೇಗ ಆಗುತ್ತದೆ. ಇಳಿಸುವುದು ಅದರ ನಂತರದ ಮಾತು. ಆ ಕೋಣೆಯ ಆಮ್ಲಜನಕದ ವಾಲ್ವ್ ಮುಚ್ಚುವ ಅಧಿಕಾರ ರಾತ್ರಿ ಪಾಳಿಯಲ್ಲಿ ಯಾರದೆಂದು ಇಂದೇ ತೀರ್ಮಾನಿಸಿಕೊಳ್ಳಿ. ಅದನ್ನು ಮುಚ್ಚುವ ಮೊದಲು ಆಮ್ಲಜನಕದ ಮೇಲಿರುವ ರೋಗಿಗೆ ಸಣ್ಣ ಸಿಲಿಂಡರ್ ಜೋಡಿಸಿರಬೇಕು.

ನೀರಿನ ವಿಷಯದಲ್ಲಿ ಹೊತ್ತು ಸಾಕಷ್ಟಿದ್ದರೆ ತೀವ್ರ ನಿಗಾದವರನ್ನು ಮೊದಲು ಕಳಿಸುವುದು ಒಳ್ಳೆಯದು, ಏಕೆಂದರೆ ಕರೆಂಟು ಹೋದ ಮೇಲೆ ಅವರನ್ನು ಉಳಿಸಿಕೊಳ್ಳುವುದು ಕಷ್ಟ, ಮತ್ತು ಅವರೊಬ್ಬೊಬ್ಬರಿಗೂ ಒಂದೊಂದು ಆಂಬುಲೆನ್ಸ್, ಒಬ್ಬೊಬ್ಬ ತರಬೇತಿ ಪಡೆದವರು ಬೇಕಾಗುತ್ತಾರೆ. ಹೊತ್ತು ಕಡಿಮೆಯಿದ್ದರೆ ನಡೆಯಬಲ್ಲವರನ್ನು ಮೊದಲು ಒಬ್ಬ ಸಿಸ್ಟರ್ ಜೊತೆ ಹೊರಡಿಸಿ. ಒಂದೇ ಬಾರಿಗೆ ಅರ್ಧ ವಾರ್ಡ್ ಖಾಲಿಯಾಗುತ್ತದೆ. ಈ ಎರಡರಲ್ಲಿ ಯಾವುದೆಂದು ಹೇಳುವವರು ಒಬ್ಬರೇ ಇರಬೇಕು. ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳುತ್ತೇನೆ. 2005ರಲ್ಲಿ ಕತ್ರೀನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನ ಮೆಮೋರಿಯಲ್ ಆಸ್ಪತ್ರೆಯಲ್ಲಿ ವಿದ್ಯುತ್ ಇಲ್ಲದೆ ದಿನಗಟ್ಟಲೆ ಸಿಲುಕಿದ್ದ ವೈದ್ಯರು, ಹೃದಯ ನಿಂತರೆ ಪುನಶ್ಚೇತನ ಬೇಡವೆಂದು ಮೊದಲೇ ಬರೆದುಕೊಟ್ಟಿದ್ದ ರೋಗಿಗಳನ್ನು ಕೊನೆಗೆ ಸಾಗಿಸಲು ನಿರ್ಧರಿಸಿದ್ದರು. ನೆರೆ ಇಳಿದ ಮೇಲೆ ಅಲ್ಲಿ 45 ಶವಗಳು ಸಿಕ್ಕವು, ವರ್ಷಗಳ ಕಾಲ ತನಿಖೆ ನಡೆಯಿತು. ಪುನಶ್ಚೇತನ ಬೇಡವೆಂದವರು ನೆರೆಯಲ್ಲಿ ತಮ್ಮನ್ನು ಬಿಟ್ಟುಹೋಗಿ ಎಂದು ಹೇಳಿರುವುದಿಲ್ಲ. ಆ ಕಾಗದವನ್ನು ಸಾಗಿಸುವ ಸರದಿಗೆ ಬಳಸಬಾರದು.

ಇಳಿಸುವ ಕ್ರಮ ಹೀಗೆ. ಕೂರಬಲ್ಲ ರೋಗಿಯನ್ನು ಕೈಯಿರುವ ಗಟ್ಟಿ ಮರದ ಕುರ್ಚಿಯಲ್ಲಿ ಕೂರಿಸಿ, ಎದೆ ಮತ್ತು ಮಂಡಿಯ ಬಳಿ ಬೆಡ್‌ಶೀಟಿನಿಂದ ಕಟ್ಟಿ, ಮುಖ ಇಳಿಯುವ ದಿಕ್ಕಿಗಿರುವಂತೆ ಇಬ್ಬರು ಹಿಡಿದು, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಅದರ ಕಾಲು ಮಡಚಿಕೊಳ್ಳುತ್ತದೆ. ಕೂರಲಾಗದವರನ್ನು ಹೀಗೆ ತೆಗೆಯಿರಿ: ಮಂಚದ ಚಕ್ರಗಳನ್ನು ಲಾಕ್ ಮಾಡಿ, ಆದಷ್ಟು ತಗ್ಗಿಸಿ, ಕೆಳಗೆ ದಪ್ಪ ಕಂಬಳಿ ಹಾಸಿ, ರೋಗಿಯನ್ನು ಹಾಸಿಗೆ ಸಮೇತ ಇಬ್ಬರು ನಿಧಾನವಾಗಿ ಅದರ ಮೇಲೆ ಜಾರಿಸಿ. ಕಂಬಳಿಯ ಎರಡೂ ಅಂಚುಗಳನ್ನು ಮೈಮೇಲೆ ಸುತ್ತಿ ಕಟ್ಟಿ. ಸಮತಟ್ಟಾದ ನೆಲದಲ್ಲಿ ತಲೆಯ ಕಡೆಯಿಂದ ಒಬ್ಬರೇ ಎಳೆಯಬಹುದು. ಮೆಟ್ಟಿಲಲ್ಲಿ ಕಾಲು ಮುಂದಾಗಿ ಇಳಿಸಬೇಕು, ಕೆಳಗೊಬ್ಬರು ತಡೆಯುತ್ತ, ತಲೆಯ ಬಳಿ ಇಬ್ಬರು ಹಿಡಿದು ಸಡಿಲಿಸುತ್ತ. ಸಲೈನ್ ನಿಲ್ಲಿಸಿ ಬಾಟಲಿಯನ್ನು ಎದೆಯ ಮೇಲಿಡಿ. ಮೂತ್ರದ ಚೀಲ ಖಾಲಿ ಮಾಡಿ ಕಾಲುಗಳ ನಡುವೆ ಇಡಿ. ಎದೆಗೆ ಹಾಕಿದ ಕೊಳವೆಯ ಬಾಟಲಿ ಮಾತ್ರ ಯಾವಾಗಲೂ ಎದೆಗಿಂತ ಕೆಳಗೇ ಇರಬೇಕು. ವೆಂಟಿಲೇಟರ್‌ನಿಂದ ಬಿಡಿಸಿದ ರೋಗಿಗೆ ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗನ್ನು ಆರು ಸೆಕೆಂಡಿಗೊಮ್ಮೆ ಒತ್ತಬೇಕು. ಗಾಬರಿಯಲ್ಲಿ ಎಲ್ಲರೂ ಬೇಗಬೇಗ ಒತ್ತುತ್ತಾರೆ, ಅದರಿಂದ ಕೆಡುಕೇ ಹೆಚ್ಚು.

ನೀವು ಐದೇ ಜನ ಎಂದು ಚಿಂತಿಸಿದ್ದೀರಿ. ನಮ್ಮ ಕಡೆ ಒಬ್ಬೊಬ್ಬ ರೋಗಿಯ ಜೊತೆ ಕನಿಷ್ಠ ಒಬ್ಬರು ಮನೆಯವರು ರಾತ್ರಿ ಮಲಗಿರುತ್ತಾರೆ, ಆ ಬಲ ವಿದೇಶದ ಎಷ್ಟೋ ಆಸ್ಪತ್ರೆಗಳಿಗೆ ಇಲ್ಲ. ಆದರೆ ಅವರು ತಮ್ಮವರನ್ನು ಮಾತ್ರ ಎತ್ತಿಕೊಂಡು ಮೆಟ್ಟಿಲಿಗೆ ನುಗ್ಗಿದರೆ ಬಲವೇ ತೊಡಕಾಗುತ್ತದೆ. ಅಡ್ಮಿಷನ್ ದಿನವೇ ಎರಡು ಮಾತು ಹೇಳಿಡಿ, ವಾರ್ಡಿನಲ್ಲಿ ಒಮ್ಮೆ ಕಂಬಳಿ ಎಳೆದು ತೋರಿಸಿ. ಕೆಳಗಿಳಿದ ಮೇಲೆ ರಿಜಿಸ್ಟರ್ ಹಿಡಿದು ತಲೆ ಎಣಿಸುವ ಕೆಲಸವನ್ನು ಆಯಾ ಅಥವಾ ವಾಚ್‌ಮನ್‌ಗೆ ಕೊಡಿ. ಶೌಚಾಲಯಗಳನ್ನು ಕೊನೆಗೊಮ್ಮೆ ನೋಡಲು ಮರೆಯಬೇಡಿ.

ಪ್ರಶ್ನೆ: ಖಾಸಗಿ ಆಸ್ಪತ್ರೆಯನ್ನು ಖಾಲಿ ಮಾಡಿ ಎಂದು ಹೇಳುವ ಅಧಿಕಾರ ಯಾರಿಗಿದೆ? ವಾಹನದ ಖರ್ಚಿಗೆ ಹೆದರಿ ಮಾಲೀಕರು ತಡಮಾಡಿದರೆ?
– ಕಾರವಾರದ ಓದುಗರು

ಉತ್ತರ: ವಿಪತ್ತು ನಿರ್ವಹಣಾ ಕಾಯ್ದೆ, 2005ರ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ಸಂಚಾರ ನಿಯಂತ್ರಿಸಲು, ಅಗತ್ಯವಾದ ವಾಹನ ಮತ್ತು ಕಟ್ಟಡಗಳನ್ನು ವಶಕ್ಕೆ ಪಡೆಯಲು ಪ್ರಾಧಿಕಾರಕ್ಕೆ ಅಧಿಕಾರವಿದೆ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077, ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112. ಆದರೆ ಮಾಲೀಕರು ಆದೇಶಕ್ಕಾಗಿ ಕಾಯುತ್ತ ಕೂರಬೇಕಾಗಿಲ್ಲ. ತಮ್ಮ ಆಸ್ಪತ್ರೆಯ ಯಾವ ಮೆಟ್ಟಿಲಿಗೆ ನೀರು ಬಂದರೆ ಹೊರಡಬೇಕೆಂದು ಗೋಡೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆದಿಟ್ಟರೆ, ರಾತ್ರಿ ಎರಡು ಗಂಟೆಗೆ ಕಿರಿಯ ಸಿಸ್ಟರ್ ಕೂಡ ಯಾರನ್ನೂ ಕೇಳದೆ ತೀರ್ಮಾನ ತೆಗೆದುಕೊಳ್ಳಬಲ್ಲಳು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2024ರ ಶಿರೂರು ಗುಡ್ಡಕುಸಿತದ ಮೇಲೆ ಒಂದು ಪ್ರಶ್ನೆ ಕಾಡುತ್ತಿದೆ. ಕರಾವಳಿಯ ಯಾವುದೇ ದೊಡ್ಡ ಆಸ್ಪತ್ರೆಯನ್ನು ತೆರವು ಮಾಡಬೇಕಾದರೆ ರೋಗಿಗಳನ್ನು ಯಾವ ದಾರಿಯಲ್ಲಿ, ಎಲ್ಲಿಗೆ ಒಯ್ಯುವುದು?
– ಅಂಕೋಲಾದ ಓದುಗರು

ಉತ್ತರ: ಮೇಷ್ಟ್ರೇ, ಈ ಸಂಚಿಕೆಯ ಪ್ರಶ್ನೆಗಳಲ್ಲಿ ಉತ್ತರಿಸಲು ಕಠಿಣವಾದದ್ದು ಇದು. ಕಾರವಾರದಿಂದ ಹೊರಡುವ ದಾರಿಗಳನ್ನು ಬೆರಳಲ್ಲಿ ಎಣಿಸಬಹುದು. ಉತ್ತರಕ್ಕೆ ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ಮೂಲಕ ಗೋವಾದ ಬಾಂಬೋಲಿಮ್ ವೈದ್ಯಕೀಯ ಕಾಲೇಜು. ದಕ್ಷಿಣಕ್ಕೆ ಹೆದ್ದಾರಿ 66ರಲ್ಲಿ ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಹಾದು ಮಣಿಪಾಲ. ಪೂರ್ವಕ್ಕೆ ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಇನ್ನೊಂದು ಕದ್ರಾ ಕಡೆಯಿಂದ ಅಣಶಿ ಘಟ್ಟ ಹತ್ತಿ ಜೊಯಿಡಾ. 2024ರ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಬಿದ್ದಾಗ ದಕ್ಷಿಣದ ದಾರಿ ದಿನಗಟ್ಟಲೆ ಮುಚ್ಚಿತು. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದುಬಿತ್ತು. ಹೊಸ ಸೇತುವೆ ಪಕ್ಕದಲ್ಲೇ ಇದ್ದರೂ ಅದನ್ನು ಪರೀಕ್ಷಿಸುವವರೆಗೆ ವಾಹನ ನಿಲ್ಲಿಸಬೇಕಾಯಿತು. ಒಂದು ತಿಂಗಳೂ ತುಂಬುವ ಮೊದಲು ಎರಡು ದಿಕ್ಕಿನ ದಾರಿಗಳು ನಮ್ಮ ಕೈತಪ್ಪಿದ್ದವು. ಆ ಎರಡು ಒಂದೇ ರಾತ್ರಿ ನಡೆದಿದ್ದರೆ ಎಂದು ಯೋಚಿಸಿಯೇ ಯೋಜನೆ ಮಾಡಬೇಕು. ಘಟ್ಟದ ರಸ್ತೆಗಳಿಗಂತೂ ಮಣ್ಣು ಕುಸಿಯುವುದು ಪ್ರತಿ ಮಳೆಗಾಲದ ಸಂಗತಿ.

ದಾರಿಯ ಉದ್ದವನ್ನು ನಾವು ಕಿಲೋಮೀಟರಿನಲ್ಲಿ ಹೇಳುತ್ತೇವೆ, ರೋಗಿಯ ಮಟ್ಟಿಗೆ ಅದನ್ನು ಆಮ್ಲಜನಕದಲ್ಲಿ ಅಳೆಯಬೇಕು. ಆಂಬುಲೆನ್ಸಿನಲ್ಲಿ ಇಡುವ ಬಿ ಟೈಪ್ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 6 ಲೀಟರಿನಂತೆ ಕೊಟ್ಟರೆ ನಾಲ್ಕು ಗಂಟೆಯ ಮೇಲೆ ಸ್ವಲ್ಪ ಬರುತ್ತದೆ, 10 ಲೀಟರಿನಂತೆ ಎರಡೂವರೆ ಗಂಟೆ, 15 ಲೀಟರಿನಂತೆ ಒಂದು ಗಂಟೆ ನಲವತ್ತು ನಿಮಿಷ. ಕಾರವಾರದಿಂದ ಹುಬ್ಬಳ್ಳಿಗೆ 160 ಕಿ.ಮೀ. ಮೇಲಿದೆ, ಮಳೆಯಲ್ಲಿ, ಘಟ್ಟದಲ್ಲಿ ಲಾರಿಗಳ ಹಿಂದೆ ತೆವಳುವಾಗ ನಾಲ್ಕು ಗಂಟೆ ಹಿಡಿಯುವುದು ವಿಶೇಷವೇನಲ್ಲ. ಗೋವಾಕ್ಕೆ ದೂರ ನೂರು ಕಿ.ಮೀ.ಗೂ ಕಡಿಮೆ. ಹೆಚ್ಚು ಆಮ್ಲಜನಕ ಬೇಡುವವರಿಗೆ ಉತ್ತರದ ದಾರಿ, ಕಡಿಮೆ ಬೇಡುವವರಿಗೆ ಘಟ್ಟದ ದಾರಿ ಎಂದು ರೋಗಿಗಳನ್ನು ಮೊದಲೇ ಹಂಚಿಕೊಳ್ಳಬೇಕು. ಯಾವ ದಾರಿಯಾದರೂ ಲೆಕ್ಕ ಹಾಕಿದ್ದರ ಎರಡರಷ್ಟು ಸಿಲಿಂಡರ್ ಜೊತೆಗಿರಬೇಕು. ಎಲ್ಲರನ್ನೂ ಒಂದೇ ಆಸ್ಪತ್ರೆಗೆ ಕಳಿಸುವುದು ತಪ್ಪು. ಇಲ್ಲಿ ಸುರಿಯುವ ಮಳೆ ಗೋವಾದಲ್ಲಿಯೂ ಸುರಿಯುತ್ತಿರುತ್ತದೆ, ಅಲ್ಲಿನ ತುರ್ತು ವಿಭಾಗವೂ ತುಂಬಿರುತ್ತದೆ.

ಕೊಂಕಣ ರೈಲನ್ನು ಕೂರಬಲ್ಲ ರೋಗಿಗಳಿಗೆ ಬಳಸಬಹುದು, ಹಳಿಯ ಮೇಲೆ ಮಣ್ಣು ಬೀಳದಿದ್ದರೆ. ಕಾರವಾರದಲ್ಲಿ ನೌಕಾಪಡೆಯ ಪತಂಜಲಿ ಆಸ್ಪತ್ರೆ ಇದೆ, ನೌಕಾನೆಲೆಯ ನೆರವನ್ನು ಜಿಲ್ಲಾಡಳಿತ ಕೋರಬಹುದು. ಹೆಲಿಕಾಪ್ಟರನ್ನು ನೆಚ್ಚಿಕೊಂಡು ಯೋಜನೆ ಬರೆಯುವವರನ್ನು ಕಂಡರೆ ನನಗೆ ಆಶ್ಚರ್ಯ. ಅದು ಬೇಕಾಗುವ ದಿನವೇ ಮೋಡ ಮತ್ತು ಗಾಳಿ ಅದನ್ನು ಹಾರಗೊಡುವುದಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಜನರ ಬೇಡಿಕೆ ನ್ಯಾಯವಾದದ್ದೇ. ಅದರ ಜೊತೆಗೆ ನಾನು ಕೇಳುವುದು ಇಷ್ಟು: ಕರಾವಳಿಯ ಪ್ರತಿ ಆಸ್ಪತ್ರೆಗೂ ಘಟ್ಟದ ಮೇಲೊಂದು, ತನ್ನದೇ ದಂಡೆಯಲ್ಲೊಂದು ಜೋಡಿ ಆಸ್ಪತ್ರೆ ಗೊತ್ತಾಗಿರಲಿ, ಎಷ್ಟು ಹಾಸಿಗೆ ಕೊಡಬಲ್ಲರೆಂಬುದು ಮೇ ತಿಂಗಳಲ್ಲಿಯೇ ಕಾಗದದ ಮೇಲೆ ಬಂದಿರಲಿ. ಸೇರಿಸಿಕೊಳ್ಳುವವರು ಗೊತ್ತಿಲ್ಲದೆ ಹೊರಡುವ ಆಂಬುಲೆನ್ಸ್ ರೋಗಿಯನ್ನು ರಸ್ತೆಗೆ ತಂದಿಟ್ಟಂತೆಯೇ ಸರಿ.

ಪ್ರಶ್ನೆ: ನಮ್ಮ ಟ್ರಸ್ಟ್ ನಡೆಸುವ ವೃದ್ಧಾಶ್ರಮದಲ್ಲಿ 28 ಜನ ಹಿರಿಯರಿದ್ದಾರೆ, ಆರು ಜನರಿಗೆ ಮರೆವಿನ ಕಾಯಿಲೆ. ಶಿರಸಿಗೆ ನೆರೆಯ ಭಯವಿಲ್ಲ ಎಂದು ಉಳಿದ ಟ್ರಸ್ಟಿಗಳು ಹೇಳುತ್ತಾರೆ. ನಮಗೂ ಇಂಥ ಯೋಜನೆ ಬೇಕೇ?
– ಶಿರಸಿಯ ಓದುಗರು

ಉತ್ತರ: ಬೇಕು. ನಿಮ್ಮಲ್ಲಿ ನದಿ ಉಕ್ಕದಿರಬಹುದು, ಆದರೆ ಆಷಾಢದ ಗಾಳಿಗೆ ಮರ ಬಿದ್ದು ಹೆಸ್ಕಾಂ ಲೈನ್ ಮೂರು ದಿನ ಬರದಿರುವುದು, ಹಂಚಿನ ಮಾಡು ಹಾರುವುದು, ಅಡುಗೆಮನೆಯಲ್ಲಿ ಗ್ಯಾಸ್ ಹೊತ್ತಿಕೊಳ್ಳುವುದು, ಧರೆ ಕುಸಿದು ಹಿಂದಿನ ಗೋಡೆ ಬೀಳುವುದು ಇವೆಲ್ಲ ನಿಮ್ಮಲ್ಲಿಯೂ ಆಗಬಹುದು. ಉಳಿಯುವುದಕ್ಕೂ ಸಿದ್ಧತೆ ಬೇಕೆಂಬುದಕ್ಕೆ ಒಂದು ಉದಾಹರಣೆ: 2017ರಲ್ಲಿ ಇರ್ಮಾ ಚಂಡಮಾರುತದ ನಂತರ ಫ್ಲಾರಿಡಾದ ಒಂದು ಆರೈಕೆ ಕೇಂದ್ರದಲ್ಲಿ ಎ.ಸಿ. ನಿಂತು, ಸೆಕೆಯಲ್ಲಿ ಬೆಂದು 12 ಜನ ವೃದ್ಧರು ಸತ್ತರು. ಪಕ್ಕದಲ್ಲಿಯೇ ಕರೆಂಟು ಇದ್ದ ದೊಡ್ಡ ಆಸ್ಪತ್ರೆ ಇತ್ತು. ಇವರು ಫೋನು ಮಾಡುತ್ತ ಕುಳಿತರು, ಯಾವಾಗ ಎಬ್ಬಿಸಿ ಒಯ್ಯಬೇಕೆಂದು ತೀರ್ಮಾನಿಸುವವರು ಇರಲಿಲ್ಲ.

ಮೊದಲು 28 ಜನರನ್ನು ಮೂರು ಪಟ್ಟಿ ಮಾಡಿ: ತಾವೇ ನಡೆಯುವವರು, ಕೈಹಿಡಿದರೆ ನಡೆಯುವವರು, ಎತ್ತಬೇಕಾದವರು. ಪಟ್ಟಿಯನ್ನು ಪ್ರತಿ ತಿಂಗಳು ತಿದ್ದಿ, ಏಕೆಂದರೆ ಈ ವಯಸ್ಸಿನಲ್ಲಿ ಒಂದು ಜ್ವರ ಸಾಕು, ಮೊದಲ ಪಟ್ಟಿಯವರು ಮೂರನೆಯದಕ್ಕೆ ಸರಿಯುತ್ತಾರೆ. ಎತ್ತಬೇಕಾದವರ ಕೋಣೆಗಳು ನೆಲಮಹಡಿಯಲ್ಲಿ, ಬಾಗಿಲಿಗೆ ಹತ್ತಿರ ಇರಲಿ. ಹೋಗುವ ಜಾಗವಾಗಿ ಕಲ್ಯಾಣಮಂಟಪವನ್ನೋ ಶಾಲೆಯನ್ನೋ ಗೊತ್ತುಮಾಡುವ ಮೊದಲು ಒಬ್ಬ ಅಜ್ಜಿಯನ್ನು ಕರೆದುಕೊಂಡು ಹೋಗಿ ಅಲ್ಲಿನ ಶೌಚಾಲಯ ತೋರಿಸಿ. ಎತ್ತರದ ಹೊಸ್ತಿಲು, ಕುಕ್ಕರಗಾಲಲ್ಲಿ ಕೂರುವ ಶೌಚಾಲಯ, ನೆಲದ ಮೇಲೆ ಹಾಸುವ ಚಾಪೆ, ಈ ಮೂರೂ ಸಾಮಾನ್ಯ ಕಾಳಜಿ ಕೇಂದ್ರದಲ್ಲಿ ಇರುತ್ತವೆ, ನಿಮ್ಮವರಿಗೆ ಮೂರೂ ಆಗುವುದಿಲ್ಲ. ಇನ್ನೊಂದು ವೃದ್ಧಾಶ್ರಮದೊಂದಿಗೆ ಪರಸ್ಪರ ಒಪ್ಪಂದ ಮಾಡಿಕೊಂಡರೆ ಎಲ್ಲಕ್ಕಿಂತ ಒಳ್ಳೆಯದು.

ಮರೆವಿನವರ ಬಗ್ಗೆ ವಿಶೇಷ ಎಚ್ಚರ ಬೇಕು. ಗದ್ದಲದಲ್ಲಿ ಅವರು ಹೆದರುತ್ತಾರೆ, ಬಸ್ಸು ಹತ್ತಲು ಒಪ್ಪುವುದಿಲ್ಲ, ಹತ್ತಿದವರು ಮೊದಲ ನಿಲುಗಡೆಯಲ್ಲಿ ಇಳಿದು ನಡೆದುಬಿಡುತ್ತಾರೆ. ಅವರಿಗೆ ದಿನವೂ ಊಟ ಬಡಿಸುವ ಮುಖವೇ ಪಕ್ಕದಲ್ಲಿ ಕೂರಬೇಕು. ಮಣಿಕಟ್ಟಿಗೆ ಹೆಸರು, ಆಶ್ರಮದ ಫೋನ್ ಸಂಖ್ಯೆ ಬರೆದ ಪಟ್ಟಿ ಕಟ್ಟಿ. ಕೊರಳಿಗೆ ನೇತುಹಾಕಿದ ಚೀಟಿಯನ್ನು ಅವರು ತೆಗೆದೆಸೆಯುತ್ತಾರೆ. ಪ್ರತಿಯೊಬ್ಬರಿಗೂ ಒಂದು ಬಟ್ಟೆಚೀಲದಲ್ಲಿ ಏಳು ದಿನದ ಮಾತ್ರೆ, ಔಷಧ ಚೀಟಿಯ ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ, ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ, ಒಂದು ಜೊತೆ ಒಣ ಬಟ್ಟೆ, ಡಯಾಪರ್ ಇರಲಿ. ನುಂಗಲು ಕಷ್ಟವಿರುವವರ ಚೀಲದ ಮೇಲೆ ‘ಮೆತ್ತನೆಯ ಊಟ’ ಎಂದು ದೊಡ್ಡದಾಗಿ ಬರೆಯಿರಿ, ಇಲ್ಲವಾದರೆ ಅಪರಿಚಿತ ಸ್ವಯಂಸೇವಕರು ಪ್ರೀತಿಯಿಂದಲೇ ಅವಲಕ್ಕಿ ತಿನ್ನಿಸುತ್ತಾರೆ. ಹಿರಿಯ ನಾಗರಿಕರ ಸಹಾಯವಾಣಿ 14567ನ್ನು ಕಚೇರಿಯ ಗೋಡೆಯ ಮೇಲೆ ಬರೆದಿಡಿ.

ಪ್ರಶ್ನೆ: ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಏನಾದರೂ ಅವಘಡವಾದರೆ ಹತ್ತಿರದ ಆಸ್ಪತ್ರೆಗಳ ರೋಗಿಗಳನ್ನು ಮೊದಲ ಗಂಟೆಯಲ್ಲೇ ಸಾಗಿಸಬೇಕಲ್ಲವೇ?
– ಮಲ್ಲಾಪುರದ ಓದುಗರು

ಉತ್ತರ: ಮೊದಲ ಗಂಟೆಯಲ್ಲಿ ಅವರನ್ನು ಒಳಗೇ ಇರಿಸಿಕೊಳ್ಳುವುದು ಹೆಚ್ಚು ಸುರಕ್ಷಿತವಾಗಬಹುದು. ಸ್ಥಾವರದ ಸುತ್ತ 16 ಕಿ.ಮೀ. ವಲಯಕ್ಕೆ ತುರ್ತು ಯೋಜನೆ ಇದೆ. ಸ್ಥಾವರದ ಆವರಣದ ಹೊರಗೆ ಅದರ ಹೊಣೆ ಜಿಲ್ಲಾಡಳಿತದ್ದು, ಆಗಾಗ ಅಣಕು ಕಾರ್ಯಾಚರಣೆಯೂ ನಡೆಯುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಜಪಾನಿನ ಫುಕುಶಿಮಾದಲ್ಲಿದೆ. 2011ರ ಮಾರ್ಚ್‌ನಲ್ಲಿ ಅಲ್ಲಿನ ಅಣುಸ್ಥಾವರದಲ್ಲಿ ಅವಘಡವಾದಾಗ, ಅದರಿಂದ ಐದು ಕಿ.ಮೀ. ಒಳಗಿದ್ದ ಫುತಾಬಾ ಆಸ್ಪತ್ರೆಯ ಹಾಸಿಗೆ ಹಿಡಿದ ವೃದ್ಧರನ್ನು ವೈದ್ಯರಿಲ್ಲದ ಬಸ್ಸುಗಳಲ್ಲಿ ಕೂರಿಸಿ, ಗಂಟೆಗಟ್ಟಲೆ ಸುತ್ತಿಸಿ, ಕೊನೆಗೆ ಚಿಕಿತ್ಸೆಯ ಸೌಕರ್ಯವಿಲ್ಲದ ಒಂದು ಶಾಲೆಯಲ್ಲಿ ಇಳಿಸಿದರು. ದಾರಿಯಲ್ಲಿಯೂ ನಂತರದ ದಿನಗಳಲ್ಲಿಯೂ 40ಕ್ಕೂ ಹೆಚ್ಚು ಜನರು ತೀರಿಕೊಂಡರು. ಅವರನ್ನು ಕೊಂದದ್ದು ವಿಕಿರಣವಲ್ಲ. ಚಳಿ, ನಿರ್ಜಲತೆ ಮತ್ತು ಚಿಕಿತ್ಸೆಯ ಅಭಾವ.

ಪಕ್ಕಾ ಕಟ್ಟಡದ ಒಳಗೋಣೆಗೆ ರೋಗಿಗಳನ್ನು ಸರಿಸಿ, ಕಿಟಕಿ ಮುಚ್ಚಿ, ಹೊರಗಾಳಿ ಎಳೆಯುವ ಫ್ಯಾನು ನಿಲ್ಲಿಸಿ, ಅಧಿಕೃತ ಸೂಚನೆಗೆ ಕಾಯಬೇಕು. ಹೊರಡಲು ಹೇಳಿದಾಗ ಸೇರಿಸಿಕೊಳ್ಳುವ ಆಸ್ಪತ್ರೆ, ಜೊತೆಗೆ ಹೋಗುವ ಸಿಸ್ಟರ್, ದಾರಿಗೆ ನೀರು ಮತ್ತು ಔಷಧ ಈ ಮೂರೂ ಕೂಡಿದ ಮೇಲೆಯೇ ಬಸ್ಸು ಹೊರಡಬೇಕು. ಅಯೋಡಿನ್ ಮಾತ್ರೆಯನ್ನು ಹೇಳಿದಾಗ ಮಾತ್ರ ನುಂಗಿ. ಅದು ಥೈರಾಯ್ಡ್ ಗ್ರಂಥಿಯನ್ನು ವಿಕಿರಣಶೀಲ ಅಯೋಡಿನ್‌ನಿಂದ ಕಾಯುತ್ತದೆ, ಬೇರೆ ಯಾವುದರಿಂದಲೂ ಕಾಯುವುದಿಲ್ಲ. ಮಕ್ಕಳಿಗೂ ಗರ್ಭಿಣಿಯರಿಗೂ ಅದರ ಪ್ರಯೋಜನ ಹೆಚ್ಚು.

ಪ್ರಶ್ನೆ: ನನಗೆ ವಾರಕ್ಕೆ ಎರಡು ಡಯಾಲಿಸಿಸ್. ಶರಾವತಿ ಉಕ್ಕಿ ಆಸ್ಪತ್ರೆ ಮುಚ್ಚಿದರೆ ಎಷ್ಟು ದಿನ ತಡೆಯಬಹುದು?
– ಹೊನ್ನಾವರ ತಾಲೂಕಿನ ಓದುಗರು

ಉತ್ತರ: ಇಷ್ಟೇ ದಿನವೆಂದು ಎಲ್ಲರಿಗೂ ಒಂದೇ ಲೆಕ್ಕ ಹೇಳಲಾಗದು, ನಿಮ್ಮ ಡಾಕ್ಟರನ್ನೇ ಈ ವಾರ ಕೇಳಿಡಿ. ಭಾರಿ ಮಳೆಯ ಮುನ್ಸೂಚನೆ ಬಂದರೆ ನಿಮ್ಮ ಸರದಿಗೆ ಕಾಯದೆ ಒಂದು ದಿನ ಮೊದಲೇ ಡಯಾಲಿಸಿಸ್ ಮಾಡಿಸಿಕೊಳ್ಳುವಂತೆ ವಿನಂತಿಸಿ. ತಪ್ಪಿದ ದಿನಗಳಲ್ಲಿ ನೀರು ಮತ್ತು ಉಪ್ಪು ತೀರ ಕಡಿಮೆ ಮಾಡಿ. ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲುವ ಅಪಾಯವಿರುವುದರಿಂದ, ಕಾಳಜಿ ಕೇಂದ್ರದಲ್ಲಿ ಯಾರೇ ಎಳನೀರು ಅಥವಾ ಬಾಳೆಹಣ್ಣು ಕೊಟ್ಟರೂ ಪಕ್ಕದವರಿಗೆ ದಾಟಿಸಿ, ನೀವು ಅನ್ನ, ಗಂಜಿಯಷ್ಟನ್ನೇ ಉಣ್ಣಿ. ಉಸಿರು ಕಟ್ಟಿದಂತಾದರೆ, ಕೈಕಾಲು ಸೋತು ಜೋಲತೊಡಗಿದರೆ ಮಳೆ ನಿಲ್ಲಲೆಂದು ಕಾಯಬೇಡಿ, 108ಕ್ಕೆ ಕರೆ ಮಾಡಿ, ನೀವು ಡಯಾಲಿಸಿಸ್ ರೋಗಿ ಎಂಬ ಮಾತನ್ನು ಮೊದಲ ವಾಕ್ಯದಲ್ಲೇ ಹೇಳಿ.